ಹೊಸ ಟಯರ್ ಹಿಂದಿನ ಚಕ್ರಕ್ಕೆ

ಚೇಕಾಡಿಯ ಗದ್ದೆಗೆ ಇಳಿಯುವ ಕಾಡುದಾರಿಯಲ್ಲಿ ನನ್ನ ಕಣ್ಣೆದುರೇ ಪಕ್ಕದ ಮನೆಯ ಸವಿತಾಳ ಸೈಕಲ್ ಜಾರಿತು. ಒದ್ದೆ ಬಿದಿರೆಲೆಯ ಮೇಲೆ ಮುಂದಿನ ಚಕ್ರ ಪಕ್ಕಕ್ಕೆ ಹೊರಳಿತು. ಹಿಂದೆಯೇ ಬರುತ್ತಿದ್ದ ನಾನು ನೋಡಿದೆ, ಅವಳ ಬೆರಳುಗಳು ಬ್ರೇಕ್ ಮೇಲಿರಲಿಲ್ಲ.

ಗದ್ದೆಯಲ್ಲಿದ್ದ ಅವಳ ಅಪ್ಪ ಓಡಿ ಬಂದರು. ದೊಡ್ಡ ಉಬ್ಬುಗಳ ಹೊಸ ಟಯರನ್ನು ಆರಿಸಿ ತಂದು ಹಿಂದಿನ ಚಕ್ರಕ್ಕೆ ಹಾಕಿದ್ದವರು ಅವರೇ. ಕ್ಯಾರಿಯರ್ ಮೇಲೆ ಹುಲ್ಲಿನ ಹೊರೆ ಹೇರುವ ನಮ್ಮೂರಿನಲ್ಲಿ ಒಳ್ಳೆಯ ಟಯರ್ ಯಾವಾಗಲೂ ಹಿಂದಕ್ಕೇ. ಆದರೆ ಇಳಿಜಾರಿನಲ್ಲಿ ಹಿಡಿತ ಬೇಕಾದದ್ದು ಮುಂದಿನ ಚಕ್ರಕ್ಕೆ. ಅಲ್ಲಿದ್ದದ್ದು ಸವೆದ ಹಳೆಯ ಟಯರ್.

“ಹೊಸ ಟಯರ್ ಹಾಕಿದ್ನಲ್ಲ ಮೋಳೇ, ಹೆಂಗೆ ಜಾರ್ತು?” ಅವಳ ಮೊಣಕೈಯ ರಕ್ತ ಒರೆಸುತ್ತಾ ಅವರು ಕೇಳಿದರು. ಮಗಳನ್ನು ಅವರು ಕರೆಯುವುದು ಹೀಗೆ ಮಲಯಾಳಂನಲ್ಲೇ.

ಕಾರಣ ಹೇಳಲು ನಾನು ಬಾಯಿ ತೆರೆದೆ. ಬೇಡವೆಂಬಂತೆ ಸವಿತಾ ನನ್ನತ್ತ ಕಣ್ಣಲ್ಲೇ ಸನ್ನೆ ಮಾಡಿದಳು.

“ನಾನೇ ಬ್ರೇಕ್ ಜೋರಾಗಿ ಹಿಡಿದ್ಬಿಟ್ಟೆ ಅಪ್ಪ. ನೀನು ತಂದಿದ್ದು ಚೆನ್ನಾಗೇ ಇದೆ. ಮುಂದಿನ ಚಕ್ರಕ್ಕೂ ಇಂಥದ್ದೇ ಒಂದು ಹಾಕ್ಕೊಡು.”

ಆಮೇಲಿನ ಭಾನುವಾರ ಎರಡೂ ಚಕ್ರಗಳಲ್ಲಿ ಹೊಸ ಟಯರ್‌ಗಳಿದ್ದವು. ಅವಳ ಅಪ್ಪ ಎರಡನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿಯೇ ಅವಳನ್ನು ಕಳಿಸಿದರು. ಅವತ್ತು ಕಂಡದ್ದನ್ನು ನಾನು ಅವರಿಗೆ ಇವತ್ತಿಗೂ ಹೇಳಿಲ್ಲ. ಅವರು ಓದುವುದು ಮಲಯಾಳಂ ಪತ್ರಿಕೆ ಮಾತ್ರ ಎಂಬ ಧೈರ್ಯದಿಂದ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.