ಗೆರೆಯಕ್ಕನ ಹತ್ತು ಸಂಜೆಗಳು

ನಮ್ಮ ವೀಕ್ಷಣಾಲಯದಲ್ಲಿ ಡೀಸೆಲ್ ಜನರೇಟರ್ ನನ್ನ ಕೈಲಿತ್ತು, ಆಕಾಶ ಗೆರೆಯಕ್ಕನ ಕೈಲಿತ್ತು. ಕೆಲಸದ ಹಂಚಿಕೆ ಅಷ್ಟೇ. ನೆಲದಿಂದ ಮುನ್ನೂರು ಕಿಲೋಮೀಟರ್ ಮೇಲೆ ವಿದ್ಯುತ್ ತುಂಬಿದ ಗಾಳಿಯ ಪದರವೊಂದಿದೆ. ಅದಕ್ಕೆ ರೇಡಿಯೋ ಅಲೆ ಎಸೆದು, ಮರಳಿ ಬಂದದ್ದನ್ನು ಕಾಲು ಗಂಟೆಗೊಮ್ಮೆ ಫಿಲ್ಮಿನ ಮೇಲೆ ಗೆರೆಯಾಗಿ ಎಳೆಯುವ ಯಂತ್ರ ನಮ್ಮದು. ಎಷ್ಟು ಹಳೆಯದೆಂದರೆ, ಅದನ್ನು ತಂದಾಗ ಆಕಾಶವೇ ಇನ್ನೂ ಹೊಸದಾಗಿತ್ತು. ಗೆರೆಯಕ್ಕ ಇಪ್ಪತ್ತೊಂಬತ್ತು ವರ್ಷ ಆ ಫಿಲ್ಮನ್ನು ದೀಪದ ಮೇಜಿನ ಮೇಲೆ ಹರಡಿ, ಗಾಜಿನ ಅಳತೆಪಟ್ಟಿ ಇಟ್ಟು, ಪದರದ ಎತ್ತರ ಓದಿದವಳು. ಗಂಡ ದರ್ಜಿ. "ನಾನು ಜನರ ಎದೆ, ಸೊಂಟ ಅಳೀತೀನಿ, ಇವಳು ಆಕಾಶದ್ದು ಅಳೀತಾಳೆ. ನನ್ನ ಗಿರಾಕಿಗಳಾದ್ರೂ ಉಸಿರು ಬಿಗಿಹಿಡಿದು ನಿಲ್ತಾರೆ" ಎನ್ನುತ್ತಿದ್ದ.

ಆಕಾಶ ನಿಲ್ಲುತ್ತಿರಲಿಲ್ಲ, ಸಂಜೆಯಂತೂ ಇಲ್ಲವೇ ಇಲ್ಲ. ಭೂಮಿಯ ನಡುಪಟ್ಟಿಯ ಊರುಗಳ ಪಾಡೇ ಅದು. ಸೂರ್ಯ ಮುಳುಗಿದೊಡನೆ ಪದರದ ಕೆಳಭಾಗ ತೆಳುವಾಗುತ್ತದೆ, ಮೇಲಿನ ದಟ್ಟ ಭಾಗ ಇನ್ನೂ ಮೇಲೇರುತ್ತದೆ. ಎಣ್ಣೆಯ ಮೇಲೆ ನೀರು ಹೊರಿಸಿದರೆ ಎಣ್ಣೆ ಸುಮ್ಮನಿರುತ್ತದೆಯೇ? ಹಾಗೆಯೇ ಕೆಳಗಿನ ತೆಳು ಭಾಗ ಗುಳ್ಳೆಗಳಾಗಿ ಮೇಲಕ್ಕೆ ನುಗ್ಗುತ್ತದೆ. ಆಗ ಫಿಲ್ಮಿನ ಚೂಪು ಗೆರೆ ಒದ್ದೆ ಕಾಗದದ ಶಾಯಿಯಂತೆ ಹರಡಿಕೊಳ್ಳುತ್ತದೆ, ಉಪಗ್ರಹಗಳ ಸಂಕೇತವೂ ನಡುಗುತ್ತದೆ.

ಹೊಸ ಸಾಹೇಬರು ಬಂದರು. ಅವರ ಅಂಗಿಯ ಇಸ್ತ್ರಿಯ ಅಂಚಿನಲ್ಲಿ ಈರುಳ್ಳಿ ಹೆಚ್ಚಬಹುದಿತ್ತು. ಹರಡಿದ ಗೆರೆ ಕಂಡು, ಆಂಟೆನಾದ ಬೆಸುಗೆ ಕೊಳೆಯಾಗಿದೆ ಎಂದು ತೀರ್ಮಾನಿಸಿದರು. ನಾವು ಮೂರು ದಿನ ನೂರನಲವತ್ತು ಬೆಸುಗೆ ಬಿಚ್ಚಿ ಮತ್ತೆ ಹಾಕಿದೆವು. ನಾಲ್ಕನೇ ಸಂಜೆಯೂ ಗೆರೆ ಹರಡಿತು. ಸಾಹೇಬರು ಆದೇಶ ಹೊರಡಿಸಿದರು: ತಿಂಗಳ ಕೊನೆಗೆ ಯಂತ್ರ ಬಂದ್, ಹರಡಿದ ಫಿಲ್ಮೆಲ್ಲ ಗುಜರಿಗೆ.

ಗೆರೆಯಕ್ಕ ನೇರ ಅವರ ಕೋಣೆಗೆ ಹೋದಳು. ಜನರೇಟರಿನ ಲೆಡ್ಜರ್ ಹಿಡಿದು ನಾನೂ ಹಿಂದೆ ನಿಂತೆ.

"ಸರ್, ಅದು ಕೊಳೆ ಅಲ್ಲ. ಮೇಲೆ ಕುದೀತಿರೋದು."

"ಅಕ್ಕಾ, ಓದೋಕೇ ಬರದ ಗೆರೆ ಇಟ್ಕೊಂಡು ನಾನೇನು ಮಾಡ್ಲಿ?"

"ಓದೋಕೆ ಬರುತ್ತೆ. ಆ ಸಂಜೆ ಕದಡುತ್ತೋ ಇಲ್ವೋ ಅಂತ ಏಳು ಗಂಟೆಯೊಳಗೆ ಬರೆದು ಕೊಡ್ತೀನಿ. ಹತ್ತು ಸಂಜೆ ನೋಡಿ. ಒಂದು ತಪ್ಪಿದ್ರೂ ನಾನೇ ಸ್ವಿಚ್ ಆರಿಸ್ತೀನಿ."

ಸಾಹೇಬರು ಒಪ್ಪಿದರು. ನಾನು ಹೊರಗೆ ಬಂದು ತಲೆ ಚಚ್ಚಿಕೊಂಡೆ. "ಒಂದು ತಪ್ಪಿದ್ರೂ ಅಂತ ಯಾಕೆ ಬಾಯಿ ಬಿಟ್ಟೆ, ಮಹಾತಾಯಿ!"

"ಬಿಡೋ, ಹೇಗೂ ಹೋಗೋ ಯಂತ್ರ. ಮರ್ಯಾದೆಯಿಂದ ಹೋಗ್ಲಿ."

ಅವಳ ಮಗಳು ಸರ್ವೇಯರ್. ಉಪಗ್ರಹಗಳ ಸಂಕೇತ ಹಿಡಿಯುವ ತನ್ನ ಉಪಕರಣವನ್ನು ತಾರಸಿಯ ಮೇಲೆ ನಿಲ್ಲಿಸಿ, ನೋಡುವ ಕೆಲಸವನ್ನು ಸಾಹೇಬರಿಗೇ ಬಿಟ್ಟಳು. ಗೆರೆಯಕ್ಕ ಕೆಳಗೆ ಆರೂವರೆ, ಆರೂಮುಕ್ಕಾಲಿನ ಫಿಲ್ಮ್ ನೋಡುವಳು. ಪದರದ ಬುಡ ಜಿಗಿದಿದ್ದರೆ ಚೀಟಿಯಲ್ಲಿ "ಬರುತ್ತೆ", ಸೋಮಾರಿಯಾಗಿ ಕೂತಿದ್ದರೆ "ಬರಲ್ಲ".

ಮೂರು ಸಂಜೆ ಚೀಟಿ ಹೇಳಿದ್ದೇ ಆಯಿತು. ನಾಲ್ಕನೆಯ ಸಂಜೆ ಹನ್ನೊಂದು ಉಪಗ್ರಹಗಳಲ್ಲಿ ಏಳು ಮಾಯ. ಸಾಹೇಬರು ಉಪಕರಣದ ಬೆನ್ನಿಗೆ ಎರಡು ಬಿಟ್ಟರು.

"ಸರ್, ಅದಕ್ಕೆ ಹೊಡೀಬೇಡಿ" ಎಂದಳು ಮಗಳು. "ಅಮ್ಮನ ಚೀಟೀಲೇ ಬರೆದಿದೆಯಲ್ಲ."

ಒಂಬತ್ತು ಸಂಜೆ ಹೀಗೇ ಸರಿಯಾಯಿತು. ಹತ್ತನೆಯ ಸಂಜೆ ಪದರ ಜಿಗಿದ ಪರಿಗೆ ಚಂದ್ರ ಪಕ್ಕಕ್ಕೆ ಸರಿದು ದಾರಿ ಬಿಟ್ಟಿರಬೇಕು. ಗೆರೆಯಕ್ಕ "ಬರುತ್ತೆ" ಎಂದು ಬರೆದು ಕೆಳಗೆ ಎರಡು ಅಡ್ಡಗೆರೆ ಎಳೆದಳು.

ಏಳೂವರೆಯಾಯಿತು, ಎಂಟಾಯಿತು, ಎಂಟೂವರೆಯೂ ಆಯಿತು. ಹನ್ನೊಂದು ಉಪಗ್ರಹಗಳೂ ಗೋಡೆಗೆ ಮೊಳೆ ಹೊಡೆದಂತೆ ನಿಂತಿದ್ದವು. ಫಿಲ್ಮಿನ ಗೆರೆ ಸೂಜಿಯಷ್ಟು ಚೂಪು. ಗೆರೆಯಕ್ಕ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಿಂದ ಬರೆದಳು: "ನನ್ನ ಊಹೆ ತಪ್ಪಿತು. ಕಾರಣ ತಿಳಿಯದು." ಎದ್ದು ಸ್ವಿಚ್ಚಿನ ಮೇಲೆ ಕೈಯಿಟ್ಟಳು. ನನಗೆ ಜನರೇಟರ್ ಕೆಟ್ಟಾಗಲೂ ಅಷ್ಟು ಸಂಕಟವಾಗಿರಲಿಲ್ಲ.

ಸಾಹೇಬರು ಮೆಟ್ಟಿಲನ್ನು ಎರಡೆರಡು ಹಾರಿ ಬಂದರು. "ತಡೀರಿ, ತಡೀರಿ! ಅಷ್ಟು ಎತ್ತರ ಏರಿತ್ತಲ್ಲಕ್ಕಾ. ಯಾಕೆ ಬರ್ಲಿಲ್ಲ?"

"ಗೊತ್ತಿಲ್ಲ ಸರ್. ವರ್ಷಕ್ಕೆ ಹತ್ತಾರು ಸಲ ಹೀಗೆ ಕೈ ಕೊಡುತ್ತೆ."

"ಪುಸ್ತಕದಲ್ಲಿ ಏನಿದೆ?"

"ಪುಸ್ತಕದವರಿಗೂ ಪೂರ್ತಿ ಗೊತ್ತಿಲ್ಲ."

ಸಾಹೇಬರು ರಿಜಿಸ್ಟರಿನ ಕೆಂಪು ಸಾಲನ್ನು ಓದಿದರು, ಮತ್ತೊಮ್ಮೆ ಓದಿದರು. "ಕೈ ಕೊಟ್ಟ ಹಳೇ ಸಂಜೆಗಳ ಫಿಲ್ಮ್ ಇವೆಯಾ? ಕದಡಿದವೂ ಬೇಕಲ್ಲ, ಪಕ್ಕದಲ್ಲಿಟ್ಟು ನೋಡೋಕೆ?"

"ಎಲ್ಲ ಇವೆ. ಕೈ ಕೊಟ್ಟವು ಕಪಾಟಲ್ಲಿ, ಕದಡಿದವು ಗುಜರಿಗೆ ಅಂತ ನೀವೇ ಕಟ್ಟಿಸಿದ ಮೂಟೇಲಿ."

ಸಾಹೇಬರು ನೆಲದ ಮೇಲೆ ಕೂತು ಮೂಟೆಯ ಹಗ್ಗದ ಗಂಟನ್ನು ಹಲ್ಲಿನಿಂದ ಕಚ್ಚಿ ಎಳೆದರು. ಗೆರೆಯಕ್ಕ ಸ್ವಿಚ್ಚಿನಿಂದ ಕೈ ತೆಗೆದು ಮನೆಗೆ ಫೋನ್ ಮಾಡಿದಳು.

"ರೀ, ನೀವು ಊಟ ಮಾಡಿಬಿಡಿ. ಇಲ್ಲಿ ಇಪ್ಪತ್ತೊಂಬತ್ತು ವರ್ಷದ್ದು ಬಿಚ್ಚಿ ಕೂತಿದ್ದಾರೆ. ಮೊದಲ ವರ್ಷದಿಂದ ಶುರು ಮಾಡಿಸ್ತೀನಿ."