ನಾಲ್ಕು ಹೌದು, ಒಂದು ಬೇಡ

ನಾನು ಶಾಲೆ ಬಿಟ್ಟದ್ದು ೧೯೭೨ರಲ್ಲಿ, ಎಂಟನೆಯ ಇಯತ್ತೆಯ ನಡುವೆ. ಅಪ್ಪ ಗದಗಿನಲ್ಲಿ ಬಡಗಿ. ಅಕ್ಕ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದುತ್ತಿದ್ದಳು. ಇಬ್ಬರನ್ನು ಓದಿಸುವ ತ್ರಾಣ ಮನೆಗೆ ಇರಲಿಲ್ಲ. ನನ್ನನ್ನು ಯಾರೂ ಬಿಡಿಸಲಿಲ್ಲ. ನಾನೇ ಪಾಟಿಚೀಲ ಗೂಟಕ್ಕೆ ಹಾಕಿ ಉಳಿ ಹಿಡಿದೆ. ದೂರೆಂದು ಇದನ್ನು ಬರೆಯುತ್ತಿಲ್ಲ. ಕೈಕೆಲಸದಿಂದ ಉಂಡವನು ನಾನು, ಯಾರ ಮುಂದೂ ಕೈ ಚಾಚಿದವನಲ್ಲ.

ಅಕ್ಕ ಓದು ಮುಗಿಸಿ ಹ್ಯೂಸ್ಟನ್‌ನ ಒಂದು ಆಸ್ಪತ್ರೆಗೆ ಬಂದಳು. ವರ್ಷಗಟ್ಟಲೆ ಕಾಗದಪತ್ರ ಓಡಾಡಿಸಿ ನನ್ನನ್ನೂ ಕರೆಸಿಕೊಂಡಳು. ನಾನು ಹ್ಯೂಸ್ಟನ್ ಪಕ್ಕದ ಪೇರ್ಲ್ಯಾಂಡ್‌ನಲ್ಲಿ ಅಡಿಗೆಮನೆಯ ಕಪಾಟು ಮಾಡುವ ಒಂದು ಕಾರ್ಖಾನೆ ಸೇರಿದೆ. ಅಷ್ಟರಲ್ಲಿ ಅವಳು ಆಸ್ಟಿನ್‌ಗೆ ಶಿಫ್ಟ್ ಆಗಿದ್ದಳು. ಊರಿನ ಪೂರ್ವ ಅಂಚಿಗೆ ಎರಡಂತಸ್ತಿನ ಹಳೆಯ ಮನೆ, ಅದರಲ್ಲಿ ಅಕ್ಕನೂ ಸೇರಿ ಐವರು ಹೆಂಗಸರು. “ಹಾಸ್ಟೆಲ್ ಇದ್ದಂಗ ಅಂತ ತಿಳಕೋ,” ಎಂದಿದ್ದಳು. ಹಾಗೇ ತಿಳಿದುಕೊಂಡೆ.

ತಿಂಗಳ ಮೊದಲ ಶನಿವಾರ ಮೂರು ತಾಸು ಡ್ರೈವ್ ಮಾಡಿ ಹೋಗುತ್ತಿದ್ದೆ. ಒಂದೇ ಒಲೆ, ಒಂದೇ ಊಟ. ಪಾತ್ರೆ ತೊಳೆಯುವುದರಿಂದ ಹುಲ್ಲು ಕತ್ತರಿಸುವವರೆಗೆ ಸರದಿ. ಹಿರಿಯಳು ಹಿಂದೆ ಶಾಲೆಯ ಟೀಚರಾಗಿದ್ದವಳು. ಇನ್ನೊಬ್ಬಳು ಸಿಟಿ ಬಸ್ ಓಡಿಸುವವಳು, ನನಗಿಂತ ಒಂದು ಗೇಣು ಎತ್ತರ; ಅಕ್ಕನ ಕೋಣೆಯಲ್ಲಿ ಇರುತ್ತಿದ್ದವಳು ಅವಳೇ. ಆ ಮನೆಗೆ ಒಂದು ಕಟ್ಟಳೆಯಿತ್ತು. ಯಾವ ವಿಷಯವಾದರೂ ಭಾನುವಾರ ಎಲ್ಲರೂ ಸುತ್ತ ಕೂತು ತೀರ್ಮಾನಿಸಬೇಕು, ಐವರೂ ಒಪ್ಪಬೇಕು. ಒಬ್ಬಳು ಬೇಡ ಎಂದರೂ ಅದು ಅಲ್ಲಿಗೇ ನಿಲ್ಲುತ್ತದೆ. ಹೊರಬಾಗಿಲಿಗೆ ಯಾವ ಬಣ್ಣವೆಂದು ಇಡೀ ಚಳಿಗಾಲ ಮಾತಾಡಿ, ಕೊನೆಗೆ ಬಣ್ಣವೇ ಇಲ್ಲದೆ ಬಿಟ್ಟರು. ನಾನು ನಕ್ಕಾಗ ಬಸ್ಸಿನವಳು, ಇವನನ್ನೂ ಆರನೆಯವನೆಂದು ಕೂರಿಸಿದರೆ ಬಾಗಿಲು ತೆರೆಯುವುದಕ್ಕೂ ಒಪ್ಪಿಗೆ ಸಿಗಲಿಕ್ಕಿಲ್ಲ ಎಂದು ತಮಾಷೆ ಮಾಡಿದಳು.

ನಲ್ಲಿ, ಸೂರು, ಕರೆಂಟು ಎಲ್ಲವನ್ನೂ ಅವರೇ ರಿಪೇರಿ ಮಾಡಿಕೊಳ್ಳುತ್ತಿದ್ದರು. ಗಂಡಾಳನ್ನು ಮನೆಯೊಳಗೆ ಕರೆಯುತ್ತಿರಲಿಲ್ಲ. ನನ್ನೊಬ್ಬನನ್ನು ಬಿಟ್ಟುಕೊಂಡಿದ್ದರು, ಅದು ನನಗೆ ಹೆಮ್ಮೆ. ಮರ ನುಣುಪು ಮಾಡುವ ಉಜ್ಜುಗೊರಡು ಹಿಡಿಯುವುದನ್ನು ಟೀಚರಿಗೇ ನಾನು ಕಲಿಸಿದೆ. ಅಡಿಗೆಮನೆಯ ಕಪಾಟುಗಳೆಲ್ಲ ನನ್ನವು. ಬಸ್ಸಿನವಳು ನೆಲದ ಮೇಲೆ ಮಲಗುತ್ತಾಳೆಂದು ಅಕ್ಕ ಹೇಳಿದ್ದಕ್ಕೆ, ಪೆಕಾನ್ ಮರದಲ್ಲಿ ಅವಳಿಗೊಂದು ಒಂಟಿ ಮಂಚ ಮಾಡಿದೆ. ಒಂದೂ ಮೊಳೆಯಿಲ್ಲದ ಜೋಡಣೆ. ಅವಳ ಎತ್ತರಕ್ಕೆ ಸರಿಯಾಗಲೆಂದು ಗೋಡೆಗೆ ನಿಲ್ಲಿಸಿ ಅಳತೆ ತೆಗೆದೆ. ಅವಳು ನನ್ನ ಮುಖ ನೋಡಲಿಲ್ಲ. ನಾಚಿಕೆಯ ಹೆಂಗಸು ಎಂದುಕೊಂಡೆ.

ಅಕ್ಕನಿಗೆ ಆಗ ನಲವತ್ತು ದಾಟಿತ್ತು. ಒಂಟಿಯಾಗಿದ್ದಾಳೆಂಬ ಕೊರಗು ನನಗೆ. ಡಲ್ಲಾಸ್‌ನಲ್ಲಿ ನಮ್ಮ ಕಡೆಯ ಒಬ್ಬ ಡಾಕ್ಟರು, ಹೆಂಡತಿ ತೀರಿಕೊಂಡವರು, ಒಳ್ಳೆಯವರು. ಮಾತುಕತೆಯೆಲ್ಲ ನಾನೇ ನಡೆಸಿ, ನಮ್ಮ ಕಡೆಯಿಂದ ಒಪ್ಪಿಗೆಯೆಂದೇ ತಿಳಿಯಿರಿ ಎಂದುಬಿಟ್ಟೆ. ಅವರ ಮನೆಗೆ ಅಕ್ಕ ಇಳಕಲ್ ಸೀರೆ ಉಟ್ಟು ಬಂದಳು, ಕಾಫಿ ಕುಡಿದಳು, ಹಿತವಾಗಿ ಮಾತಾಡಿದಳು. ನಮ್ಮನ್ನು ಕಾರಿನಲ್ಲಿ ಕರೆತಂದವಳು ಬಸ್ಸಿನವಳೇ. ಒಳಗೆ ಬಾ ಎಂದರೆ ಬರಲಿಲ್ಲ. ಎರಡು ತಾಸು ಕಾರಿನಲ್ಲೇ ಕೂತಿದ್ದಳು. ನಾನೇ ಹೋಗಿ ಲೋಟದಲ್ಲಿ ಕಾಫಿ ಕೊಟ್ಟು ಬಂದೆ. ಆಮೇಲೆ ಅಕ್ಕ ನೋಡೋಣ, ನೋಡೋಣ ಎಂದು ಆರು ತಿಂಗಳು ಕಳೆದಳು. ಡಾಕ್ಟರು ಬೇರೆ ಕಡೆ ಮದುವೆಯಾದರು. ನನ್ನ ಮಾತಿಗೆ ಬೆಲೆಯಿಲ್ಲವೆಂದು ಅವರ ತಂಗಿ ನಾಲ್ಕು ಜನರ ಮುಂದೆ ಅಂದಳು.

ಮರುವರ್ಷ ಒಂದು ಬುಧವಾರ ಉತ್ತರ ಆಸ್ಟಿನ್‌ನ ಒಂದು ಆಫೀಸಿಗೆ ಕಪಾಟು ಜೋಡಿಸುವ ಕೆಲಸ ಬೇಗ ಮುಗಿಯಿತು. ನನ್ನ ಹೆಂಡತಿ ಅಕ್ಕನಿಗೆಂದು ಕೊಟ್ಟ ಶೇಂಗಾ ಚಟ್ನಿಯ ಡಬ್ಬಿ ಟ್ರಕ್ಕಿನಲ್ಲಿತ್ತು. ಫೋನ್ ಮಾಡದೆ ಅಕ್ಕನ ಮನೆಗೆ ಹೋದೆ. ಹಿಂದಿನ ಜಗಲಿಯಲ್ಲಿ ನಾನು ಮಾಡಿದ ಮಂಚ ಗೋಡೆಗೆ ಒರಗಿ ನಿಂತಿತ್ತು. ಜನ ಮಲಗಿದ ಮಂಚ ಬಡಗಿಗೆ ಗೊತ್ತಾಗುತ್ತದೆ. ಹಲಗೆ ಬಾಗಿರುತ್ತದೆ, ಕೈಯೂರಿ ಏಳುವ ಅಂಚು ನುಣುಪಾಗಿರುತ್ತದೆ, ತಲೆಯ ಕಡೆ ಎಣ್ಣೆಗಪ್ಪು ಹಿಡಿದಿರುತ್ತದೆ. ಇದರ ಹಲಗೆಗಳ ಮೇಲೆ ನಾಲ್ಕು ವರ್ಷದ ಹಿಂದೆ ನಾನು ಎಳೆದ ಪೆನ್ಸಿಲ್ ಗೆರೆ ಹಾಗೇ ಇತ್ತು. ಸವೆದಿದ್ದು ಕಾಲುಗಳು ಮಾತ್ರ. ಮೆಟ್ಟಿಲು ಹತ್ತಿಸಿ ಇಳಿಸಿದ ಪೆಟ್ಟುಗಳು ಅವು.

ಮನೆಯಲ್ಲಿ ಟೀಚರ್ ಒಬ್ಬಳೇ ಇದ್ದಳು. ನಾನು ಮಂಚ ಮುಟ್ಟಿ ನೋಡುತ್ತಿರುವುದನ್ನು ಕಂಡು, ಒಳಗೆ ಕರೆದು ಕೂರಿಸಿದಳು. ನಾನು ಕೂರಿಸಿದ್ದ ಕಪಾಟಿನ ಬಾಗಿಲು ತೆರೆದಳು. ಒಳಬದಿಗೆ ಒಂದು ಚೀಟಿ ಅಂಟಿಸಿತ್ತು. ನನ್ನ ಇಂಗ್ಲಿಷ್ ಓದು ನಿಧಾನ, ಬೆರಳಿಟ್ಟು ಓದಿದೆ. ಮೊದಲ ಶನಿವಾರ, ತಮ್ಮ. ಮಂಚ ಮೇಲಕ್ಕೆ. ಫೋಟೋ ಪೆಟ್ಟಿಗೆಗೆ. ಮೂರನೆಯ ಶೆಲ್ಫಿನ ಪುಸ್ತಕ ಗೋಡೆಗೆ ಮುಖ ಮಾಡಿ. ಇನ್ನೊಬ್ಬಳ ತಾಯಿಗೆ, ಮತ್ತೊಬ್ಬಳ ಆಫೀಸಿನವರಿಗೆ ಬೇರೆ ಚೀಟಿಗಳಿದ್ದವು. ನನ್ನದೇ ಎಲ್ಲಕ್ಕಿಂತ ಉದ್ದ.

ಲೆಸ್ಬಿಯನ್ ಎಂಬ ಶಬ್ದ ನನಗೆ ಹೊಸದಲ್ಲ, ಕಾರ್ಖಾನೆಯಲ್ಲಿ ಬೈಗುಳವಾಗಿ ಕೇಳಿದ್ದೆ. ಟೀಚರ್ ಅದನ್ನು ಊರ ಹೆಸರಿನಂತೆ ಸಹಜವಾಗಿ ಹೇಳಿದಳು. ಅಕ್ಕನೂ ಬಸ್ಸಿನವಳೂ ಹತ್ತು ವರ್ಷದಿಂದ ಜೋಡಿ. ಆ ಮನೆಯಲ್ಲಿ ಒಬ್ಬಳು ಇದೇ ಕಾರಣಕ್ಕೆ ಕೆಲಸ ಕಳೆದುಕೊಂಡು ಬಂದವಳು, ಒಬ್ಬಳನ್ನು ಬಾಡಿಗೆ ಮನೆಯಿಂದ ಹೊರಹಾಕಿದ್ದರು. ಟೀಚರ್ ಕಳೆದುಕೊಂಡದ್ದು ಮಗನನ್ನು; ಕೋರ್ಟು ಅವನನ್ನು ಗಂಡನಿಗೆ ಕೊಟ್ಟಿತ್ತು. ಅವಳ ಸ್ವಂತ ಅಣ್ಣನೇ ಅವಳ ವಿರುದ್ಧ ಸಾಕ್ಷಿ ಹೇಳಿದ್ದ.

“ಆದರೂ ನಿನಗೆ ಹೇಳೋಣ ಅಂತ ನಾನೇ ಮೊದಲು ಮಾತು ಎತ್ತಿದೆ,” ಎಂದಳು. “ನಾವು ನಾಲ್ವರು ಹೌದು ಅಂದೆವು.”

ಐದನೆಯವಳು ಯಾರೆಂದು ಕೇಳಬೇಕಾಗಿರಲಿಲ್ಲ.

ಅಕ್ಕ ಡ್ಯೂಟಿ ಮುಗಿಸಿ ನಾಲ್ಕಕ್ಕೆ ಬಂದಳು. ನಾನು ಕೂತ ರೀತಿ ನೋಡಿಯೇ ಅವಳಿಗೆ ಗೊತ್ತಾಯಿತು. ಚೀಲ ಕೆಳಗಿಡಲಿಲ್ಲ.

“ಎಷ್ಟ ಸಲ ಕೇಳಿದ್ರು ನಿನ್ನ?” ಎಂದೆ.

“ವರ್ಷಕ್ಕೊಮ್ಮೆ.”

“ಪ್ರತಿ ಸಲ ಬ್ಯಾಡ ಅಂದಿ?”

“ಅಂದೆ.”

“ಡಲ್ಲಾಸ್‌ನವ್ರಿಗೆ ನಾ ಮಾತ ಕೊಟ್ಟಿದ್ದೆ, ಅಕ್ಕಾ.”

“ಕೊಡು ಅಂತ ನಾ ಹೇಳಿದ್ನೇನು? ನನ್ನ ಕೇಳದನ ಕೊಟ್ಟಿ.”

ಅದು ನಿಜ. ನಿಜವೆಂದೇ ಸಿಟ್ಟು ಹೆಚ್ಚಾಯಿತು. ಪರಕೀಯರು ನಾಲ್ವರು ನನ್ನನ್ನು ನಂಬಿದರು, ಒಡಹುಟ್ಟಿದವಳು ನಂಬಲಿಲ್ಲ ಎಂದೆ. ಊರಲ್ಲಿ ಅವ್ವ ಇನ್ನೂ ಇದ್ದಳು. ಹೇಳಿದ್ದರೆ ನೀನು ಅವ್ವನಿಗೆ ಪತ್ರ ಬರೆದುಬಿಡುತ್ತಿದ್ದೆ ಎಂದಳು ಅಕ್ಕ. ಬರೆಯುತ್ತಿದ್ದೆನೋ ಇಲ್ಲವೋ, ಹೇಳಿ ನೋಡಬೇಕಿತ್ತು ಎಂದೆ.

“ಹೇಳಿ ನೋಡಾಕ ಇದೇನ್ ಬಾಗಲದ ಬಣ್ಣ ಅಲ್ಲ,” ಎಂದಳು. “ಒಮ್ಮೆ ಹೇಳಿದ್ರ ಮುಗೀತು.”

ಬರೆಯುತ್ತಿದ್ದೆನೇ? ಇಷ್ಟು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಇಲ್ಲ ಎಂದು ಆಣೆ ಮಾಡಿ ಹೇಳಲಾರೆ. ಆದರೆ ಅವಳು ಆಣೆ ಕೇಳಿಯೂ ನೋಡಲಿಲ್ಲ. ಅವಳು ಯಾರ ಜೊತೆ ಬಾಳಿದಳೆಂಬ ನೋವು ಎರಡು ವರ್ಷದಲ್ಲಿ ಕರಗಿತು. ತಿಂಗಳಿಗೊಮ್ಮೆ ನಾನು ಬರುವ ಮುಂಚೆ ಐವರು ಸೇರಿ ಮನೆಯನ್ನು ಸುಳ್ಳು ಮಾಡಿ ಇಡುತ್ತಿದ್ದರಲ್ಲ, ಆ ಸುಳ್ಳಿನೊಳಗೆ ನಾನು ಕಾಲು ಚಾಚಿ ಕೂತು ಊಟ ಮಾಡಿ, ನನ್ನನ್ನು ಮನೆಯವನೆಂದುಕೊಂಡು ಹಿಗ್ಗುತ್ತಿದ್ದೆನಲ್ಲ, ಅದು ಕರಗಲಿಲ್ಲ.

ಮೂರು ವರ್ಷ ಆಸ್ಟಿನ್ ಕಡೆ ತಲೆ ಹಾಕಲಿಲ್ಲ. ಅವ್ವ ತೀರಿಕೊಂಡಾಗ ಫೋನಿನಲ್ಲಿ ಮತ್ತೆ ಮಾತು ಶುರುವಾಯಿತು. ಆ ಕಡೆ ಜಾಗದ ತೆರಿಗೆ ಏರಿ ಐವರ ಮನೆ ಮಾರಿಹೋಯಿತು; ಟೀಚರ್ ಸತ್ತಳು; ಉಳಿದವರು ದಿಕ್ಕಿಗೊಬ್ಬರಾದರು. ಅಕ್ಕ, ಬಸ್ಸಿನವಳು ಸಣ್ಣದೊಂದು ಮನೆಗೆ ಹೋದರು. ವರ್ಷಕ್ಕೆರಡು ಸಲ ಹೋಗಿ ಉಂಡು ಬರುತ್ತಿದ್ದೆ. ಎಲ್ಲ ಸರಿಹೋಯಿತು ಎಂದುಕೊಂಡಿದ್ದೆ.

ಹೆಂಗಸರಿಬ್ಬರು ಮದುವೆಯಾಗಬಹುದೆಂದು ಕಾನೂನು ಬಂದ ಮೇಲೆ ಅವರು ಮದುವೆಯಾದರು. ನನಗೆ ಗೊತ್ತಾದದ್ದು ನಾಲ್ಕು ತಿಂಗಳ ನಂತರ, ನನ್ನ ಮಗಳ ಫೋನಿನಲ್ಲಿ ಫೋಟೋ ಕಂಡಾಗ. ಮಗಳು ಆಸ್ಟಿನ್‌ನಲ್ಲಿ ದ ಡೊಮೇನ್ ಎಂಬ ಶಾಪಿಂಗ್ ಬಡಾವಣೆಯ ಹತ್ತಿರದ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ. ಮದುವೆಗೆ ಅವಳು ಹೋಗಿದ್ದಳು, ಹೂವು ಹಿಡಿದು ನಿಂತಿದ್ದಳು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸಿದಳು: ಅತ್ತೆ ಹೇಳಬೇಡ ಎಂದಿದ್ದರು.

ಅಕ್ಕನಿಗೆ ಫೋನ್ ಮಾಡಿದೆ. ಈಗ ಹೆದರಲಿಕ್ಕೆ ಅವ್ವ ಇಲ್ಲ, ನನಗೆ ಎಲ್ಲ ಗೊತ್ತೇ ಇತ್ತು, ಮತ್ತೆ ಯಾಕೆ ಎಂದು ಕೇಳಿದೆ.

“ರೂಢಿ ಆಗಿಬಿಟ್ಟಿತ್ತೋ, ತಮ್ಮಾ,” ಎಂದಳು.

ಕ್ಷಮಿಸಿದೆ ಎಂದು ನಾನು ಹೇಳಲಿಲ್ಲ.

ಈಗ ನನಗೆ ಅರವತ್ತೇಳು. ಪೇರ್ಲ್ಯಾಂಡ್‌ನಲ್ಲಿ ಸ್ವಂತ ವರ್ಕ್‌ಶಾಪ್ ಒಂದು. ಗರಗಸದ ಯಂತ್ರ ಎರಡು. ಟ್ರಕ್ ಒಂದು. ಎಡಗೈಯಲ್ಲಿ ಬೆರಳು ನಾಲ್ಕು, ಐದನೆಯದು ಗರಗಸಕ್ಕೆ ಹೋಯಿತು. ಹೆಂಡತಿ, ಒಬ್ಬಳು ಮಗಳು, ಒಬ್ಬಳು ಅಕ್ಕ.