ಉಚ್ಚಂಗಪ್ಪ ಬಿಚ್ಚದ ಗಂಟು

ಶಿಕಾರಿಪುರ–ಸೊರಬ ನಡುವೆ ಓಡುವ ಖಾಸಗಿ ಬಸ್ಸಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಕಂಡಕ್ಟರ್ ಆಗಿರುವ ಉಚ್ಚಂಗಪ್ಪನಿಗೆ ಒಂದೇ ಒಂದು ಹಮ್ಮು. ಜನ ಯಾರಿಗೋ ತಲುಪಿಸೆಂದು ಕೊಟ್ಟ ಗಂಟನ್ನು ಅವನು ಬಿಚ್ಚಿ ನೋಡಿದವನಲ್ಲ, ಒಳಗೇನಿದೆ ಎಂದು ಕೇಳಿದವನೂ ಅಲ್ಲ. ಮಗಳ ಮನೆಗೆ ರೊಟ್ಟಿ, ಟ್ರ್ಯಾಕ್ಟರಿನ ಬೇರಿಂಗು, ಬಂಗಾರದ ಸರ, ಎಲ್ಲವೂ ಅವನ ಕೈ ದಾಟಿ ಹೋಗಿವೆ. ಕುಪ್ಪಗಡ್ಡೆಯ ಗುತ್ಯಮ್ಮ ಪ್ರತಿ ಮಂಗಳವಾರ ಸೊರಬಕ್ಕೆ ಬಂದು, ತಾಳಗುಂದದ ಮಗಳಿಗೆಂದು ಗಂಟು ಕೊಟ್ಟು ನಿಶ್ಚಿಂತೆಯಿಂದ ಹೋಗುತ್ತಾಳೆ.

ಅವತ್ತು ಶಿಕಾರಿಪುರದಲ್ಲಿ ಬಸ್ಸು ಹೊರಡುವ ಹೊತ್ತಿಗೆ ತಮ್ಮನ ಮಗ ಯೋಗೇಶ ಬಂದು ಮುಷ್ಟಿಯಷ್ಟು ಪೊಟ್ಟಣ ಕೊಟ್ಟ. ಆಫ್ರಿಕಾದಲ್ಲಿ ಎರಡು ವರ್ಷ ಬೋರ್‌ವೆಲ್ ಲಾರಿಯಲ್ಲಿ ದುಡಿದು ಆಗಷ್ಟೇ ಬಂದಿದ್ದ.

"ದೊಡ್ಡಪ್ಪ, ಸೊರಬ ಸ್ಟ್ಯಾಂಡಿಗೆ ಬಿಳಿ ಕಾರಿನವ್ರು ಬರ್ತಾರ. ಕೊಟ್ಬಿಡು."

ಉಚ್ಚಂಗಪ್ಪ ಏನೆಂದು ಕೇಳಲಿಲ್ಲ, ಒಳಜೇಬಿಗಿಟ್ಟ.

ಶಿರಾಳಕೊಪ್ಪ ದಾಟುವಾಗ ಯೋಗೇಶನ ಹೆಂಡತಿ ಸುನಿತಾಳ ಫೋನು ಬಂತು.

"ಮಾವ, ಅದು ಗಣಿಯಿಂದ ತೆಗೆದ ಹಸಿ ವಜ್ರ. ಆ ದೇಶದ ಸರ್ಕಾರದ ಸರ್ಟಿಫಿಕೇಟ್ ಇಲ್ದೆ ಗಡಿ ದಾಟಿಸೋ ಹಂಗಿಲ್ಲಂತ. ಅಂಥ ಕಲ್ಲು ಮಾರೇ ಅಲ್ಲಿ ಬಂದೂಕು ಕೊಳ್ತಾರಂತ, ಊರೂರೇ ಸುಡ್ತಾರಂತ. ಇವತ್ತು ದಕ್ಕಿದ್ರ ಇವ್ರು ಮತ್ತ ತರ್ತಾರ. ಕೊಡಬ್ಯಾಡ್ರಿ."

ಉಚ್ಚಂಗಪ್ಪ ಒಳಜೇಬು ಮುಟ್ಟಿ ನೋಡಿಕೊಂಡ. ಕೊಟ್ಟರೆ ಕಳ್ಳಮಾಲು ಸಾಗಿಸಿದವನಾಗುತ್ತಾನೆ. ಕೊಡದಿದ್ದರೆ ಇಪ್ಪತ್ತೆಂಟು ವರ್ಷದ ನಂಬಿಕೆ ಮಣ್ಣುಪಾಲು, ಪೊಲೀಸರಿಗೊಪ್ಪಿಸಿದರೆ ತಮ್ಮನ ಮಗ ಜೈಲುಪಾಲು. ಅತ್ತ ದರಿ, ಇತ್ತ ಪುಲಿ. ಹಾಳಾದವನಿಗೆ ದೊಡ್ಡಪ್ಪನ ಬಸ್ಸೇ ಬೇಕಿತ್ತೇ? ಇಳಿಯುವವರು ಕೂಗಿದರೂ ಸೀಟಿ ಊದುವುದು ಮರೆತು ಡ್ರೈವರನಿಂದ ಬೈಸಿಕೊಂಡ.

ಸೊರಬದಲ್ಲಿ ಬಿಳಿ ಕಾರು ಕಾಯುತ್ತಿತ್ತು. ಇಳಿದವನು ಸೀದಾ ಕೈ ಚಾಚಿದ.

"ಇದಕ್ಕ ಕಾಗದ ಐತೇನ್ರಿ?" ಎಂದ ಉಚ್ಚಂಗಪ್ಪ. ಜೀವಮಾನದಲ್ಲಿ ಗಂಟಿನ ಬಗ್ಗೆ ಅವನು ಕೇಳಿದ ಮೊದಲ ಪ್ರಶ್ನೆ ಅದು.

ಆತ ನಗುತ್ತಲೇ ತೋಳು ಬಿಗಿಹಿಡಿದ. "ನೀವು ಬಿಚ್ಚಿ ನೋಡಲ್ಲ ಅಂತಲೇ ನಿಮ್ಮ ಕೈಗೆ ಕೊಡಿಸಿದ್ದು, ಯಜಮಾನ್ರೇ."

ಆ ಮಾತು ಎದೆಗೆ ನಾಟಿತು. ತೋಳು ಕೊಡವಿಕೊಂಡು, ಜನರ ನಡುವೆ ನುಗ್ಗಿ, ನೇರ ಪೊಲೀಸ್ ಠಾಣೆಗೆ ಹೋಗಿ ಪೊಟ್ಟಣವನ್ನು ಮೇಜಿನ ಮೇಲಿಟ್ಟ.

"ಕೊಟ್ಟವರು ಯಾರು?" ಎಂದು ಸಬ್‌ಇನ್‌ಸ್ಪೆಕ್ಟರ್ ಕೇಳಿದರು.

"ಯೋಗೇಶ. ನಮ್ಮ ತಮ್ಮನ ಮಗ."

ಸುದ್ದಿ ಊರೆಲ್ಲ ಹಬ್ಬಿತ್ತು. ಮುಂದಿನ ಮಂಗಳವಾರ ಗುತ್ಯಮ್ಮ ಎಂದಿನಂತೆ ಬಂದಳು. ಗಂಟನ್ನು ಅವನ ಕೈಗೆ ಕೊಡಲಿಲ್ಲ. ಬಸ್ಸಿನ ಮೆಟ್ಟಿಲ ಮೇಲಿಟ್ಟು, ಯಾರೂ ಕೇಳದೆ ತಾನೇ ಬಿಚ್ಚಿದಳು.

"ಚಟ್ನಿಪುಡಿ, ಎರಡು ಸೀರೆ. ಸಮಾ ನೋಡ್ಕ್ಯ ಮಾರಾಯ."

ಉಚ್ಚಂಗಪ್ಪನಿಗೆ ಅಳು ಬಂತು. ಬೇಡ ಎನ್ನಲಿಲ್ಲ. ಸೀರೆಯ ಮಡಿಕೆ ಎತ್ತಿ ನೋಡಿದ, ಆಮೇಲೆ ಮೊದಲಿದ್ದ ಹಾಗೆಯೇ ಕಟ್ಟಿದ.